ಬಲಗಡೆಯ ಬ್ರೇಕು

ಗುಡ್ಡದ ಮೇಲಿನ ಮನೆಗಳ ಮಕ್ಕಳನ್ನು ಕೆಳಗಿನ ಶಾಲೆಗೆ ತರುವ ಜೀಪು ಮೂವರು ಒಡಹುಟ್ಟಿದವರಿಗೆ ಸೇರಿದ್ದು. ಅಪ್ಪ ತೀರಿಕೊಂಡ ಮೇಲೆ ಹೊಲ ಭಾಗವಾಯಿತು, ಮನೆ ಭಾಗವಾಯಿತು, ಹಂಡೆ ಕೊಪ್ಪರಿಗೆಗಳೂ ಭಾಗವಾದವು. ಜೀಪನ್ನು ಕಡಿಯಲಾಗದೆ ಒಟ್ಟಿಗೇ ಇಟ್ಟುಕೊಂಡರು. ಓಡಿಸುವುದು ಅಕ್ಕ. ಅವಳಿಗೆ ಐವತ್ತು ದಾಟಿದೆ. ಆ ಗುಡ್ಡದ ದಾರಿಯಲ್ಲಿ ಕಲ್ಲು ಎಲ್ಲಿದೆ, ಕೊರಕಲು ಎಲ್ಲಿದೆ ಎಂದು ಸ್ಟೇರಿಂಗ್ ಹಿಡಿದ ಕೈಗೇ ಗೊತ್ತು. ರಿಪೇರಿ ಇಬ್ಬರು ತಮ್ಮಂದಿರದು. ದೊಡ್ಡವನು ಬಡಗಿ, ಚಿಕ್ಕವನು ಪಂಪ್ ರಿಪೇರಿ ಮಾಡುವವನು.

ಒಟ್ಟಿಗಿದ್ದಾಗ ತಮಾಷೆಗೆಂದು ಇಬ್ಬರೂ ಜೀಪನ್ನು ಹಂಚಿಕೊಂಡಿದ್ದರು. ಬಲಗಡೆ ಬಡಗಿಯದು, ಎಡಗಡೆ ಪಂಪಿನವನದು. ತಂತಮ್ಮ ಕಡೆಯ ಚಕ್ರಕ್ಕೆ ಗ್ರೀಸು, ತಂತಮ್ಮ ಕಡೆಯ ಬ್ರೇಕು. "ನಿನ್ನ ಕಡೆ ಬಾಗಿಲು ಕಿರುಗುಟ್ತಿದೆ, ಊಟ ಹಾಕಿಲ್ವಾ ಅದಕ್ಕೆ?" ಎಂದು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಕಳೆದ ಮಳೆಗಾಲದಲ್ಲಿ ಆ ತಮಾಷೆ ಮುರಿದುಬಿತ್ತು. ಬಡಗಿ ತನ್ನ ಕೊಟ್ಟಿಗೆಯ ಮಾಡು ಹಿಗ್ಗಿಸಿದ. ಅದರ ನೀರೆಲ್ಲ ತಮ್ಮನ ಅಂಗಳಕ್ಕೆ ಸುರಿಯತೊಡಗಿತು. "ತಗಡಿನ ದೋಣಿ ಕಟ್ಟಿ ನೀರು ಆಚೆ ತಿರುಗಿಸ್ತೀನಿ" ಎಂದವನು ಕಟ್ಟಲಿಲ್ಲ. ತಮ್ಮ ಒಂದು ಸಲ ಹೇಳಿದ, ಎರಡು ಸಲ ಹೇಳಿದ, ಮೂರನೇ ಸಲ ಕೂಗಾಡಿದ. ಅಲ್ಲಿಂದ ಮಾತು ನಿಂತಿತು. ಜೀಪಿನ ಕೆಲಸ ಮಾತ್ರ ನಿಲ್ಲಲಿಲ್ಲ. ಬಡಗಿ ಬೆಳಿಗ್ಗೆ ಬಂದು ತನ್ನ ಕಡೆ ನೋಡಿ ಹೋಗುತ್ತಿದ್ದ, ಪಂಪಿನವನು ಸಂಜೆ ಬಂದು ತನ್ನ ಕಡೆ.

ಒಂದು ದಿನ ಇಳಿಜಾರಿನ ದೊಡ್ಡ ತಿರುವಿನಲ್ಲಿ ಒಂದು ಹಸು ಅಡ್ಡ ಬಂತು. ಅಕ್ಕ ಬ್ರೇಕ್ ಒತ್ತಿದಳು. ಜೀಪು ನಿಲ್ಲುವ ಬದಲು ಮೂಗು ತಿರುಗಿಸಿಕೊಂಡು ಎಡಕ್ಕೆ ಎಳೆಯಿತು. ಎಡಕ್ಕೆ ಇದ್ದದ್ದು ಪ್ರಪಾತ. ಸ್ಟೇರಿಂಗನ್ನು ಎದೆಗೆ ಅವುಚಿಕೊಂಡು ಬಲಕ್ಕೆ ಜಗ್ಗಿದಳು. ಎಡ ಚಕ್ರ ದಾರಿಯ ಅಂಚಿನ ಹುಲ್ಲಿನ ಮೇಲೆ ಬಂದು ನಿಂತಿತು. ಹಿಂದೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದವು. ಅಕ್ಕ ಇಳಿದು ಚಕ್ರದ ಮುಂದೆ ಒಂದು ಕಲ್ಲು ಇಟ್ಟಳು.

ಅವತ್ತೇ ಇಬ್ಬರ ಮನೆಗೂ ಹೋಗಿ ಹೇಳಿದಳು.

"ಎಡಕ್ಕೆ ಎಳೀತಿದೆ ಕಣೋ."

"ನನ್ನ ಕಡೆ ಸರಿಯಾಗೇ ಇದೆಯಲ್ಲ. ಆದ್ರೂ ನೋಡ್ತೀನಿ" ಎಂದ ಬಡಗಿ.

"ನಾನು ಮೊನ್ನೆ ತಾನೇ ನೋಡಿದ್ದೆ. ಆದ್ರೂ ನೋಡ್ತೀನಿ" ಎಂದ ಪಂಪಿನವನು.

ಮರುದಿನ ಬೆಳಿಗ್ಗೆ ಬಡಗಿ ಬಂದು ಬಲ ಚಕ್ರದ ಹಿಂದಿನ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ ಬ್ರೇಕನ್ನು ಬಿಗಿ ಮಾಡಿದ. ಸಂಜೆ ಪಂಪಿನವನು ಬಂದ. ತನ್ನ ಕಡೆಯೇ ಜಾಸ್ತಿ ಹಿಡಿಯುತ್ತಿರಬೇಕೆಂದು ಎಡಗಡೆಯದನ್ನು ಸಡಿಲ ಮಾಡಿದ. ಅಣ್ಣ ಏನು ಮಾಡಿದ್ದಾನೆಂದು ಕೇಳಲು ಬಾಯಿಗೆ ಬೀಗ. ಅಕ್ಕ ಖಾಲಿ ಗಾಡಿ ಓಡಿಸಿ ನೋಡಿದರೆ ಈಗ ಬಲಕ್ಕೆ ಎಳೆಯಿತು! ಮತ್ತೆ ಇಬ್ಬರಿಗೂ ಹೇಳಿದಳು. ಬಡಗಿ ಬೆಳಿಗ್ಗೆ ಬಂದು ಬಲಗಡೆ ಸಡಿಲಿಸಿದ. ಪಂಪಿನವನು ಸಂಜೆ ಬಂದು ಎಡಗಡೆ ಬಿಗಿ ಮಾಡಿದ. ಜೀಪು ಮತ್ತೆ ಎಡಕ್ಕೇ ಹೊರಳಿತು, ಮೊದಲಿಗಿಂತ ಜೋರಾಗಿ.

ಅಕ್ಕ ಇಂಜಿನ್ ಆರಿಸಿದಳು. ಆಮೇಲೆ ಗುಡ್ಡ ಹತ್ತಿ, ನಡೆದುಕೊಂಡೇ, ಮೇಲಿನ ಮನೆಗಳಿಗೆ ಹೇಳಿ ಬಂದಳು. ಬ್ರೇಕ್ ನೆಟ್ಟಗಾಗುವವರೆಗೆ ಗಾಡಿ ಬರುವುದಿಲ್ಲ.

"ಅಷ್ಟು ದೂರ ಮಕ್ಕಳು ನಡೀತವಾ?" ಎಂದು ಒಬ್ಬ ತಾಯಿ ಕೇಳಿದಳು. "ನಾಲ್ಕು ದಿನ ನೋಡಿ ಶಾಲೆ ಬಿಡಿಸ್ತೀವಿ, ಅಷ್ಟೆ. ಪೇಟೆಯ ವ್ಯಾನು ಈ ದಾರಿ ಹತ್ತುತ್ತಾ, ಹೇಳು."

"ಹತ್ತಲ್ಲ."

"ಮತ್ತೆ?"

ಅಕ್ಕ ಮುಂದಿನ ಮನೆಗೆ ಹೊರಟಳು. ಇಳಿಯುವಾಗ ಮೊಣಕಾಲು ನೋಯುತ್ತಿತ್ತು. ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು.

ರಜೆಯ ದಿನ ಬೆಳಿಗ್ಗೆ ಇಬ್ಬರನ್ನೂ ಒಂದೇ ಹೊತ್ತಿಗೆ ಕರೆಸಿದಳು. ಮುಂದಿನ ಎರಡೂ ಚಕ್ರ ಜಾಕಿಯ ಮೇಲೆ ಎತ್ತಿಸಿ, ಕೆಳಗೆ ಮರದ ದಿಮ್ಮಿ ಕೊಟ್ಟು, ತಾನು ಡ್ರೈವರ್ ಸೀಟಿನಲ್ಲಿ ಕೂತಳು.

"ಇವತ್ತು ಚಕ್ರ ಬಿಚ್ಚಿ, ಬ್ರೇಕಿನ ಡ್ರಮ್ ಬಿಚ್ಚಿ, ಒಳಗೆ ನೋಡ್ಬೇಕು. ಕಿಂಡಿಯಿಂದ ಕುಕ್ಕಿ ಹೋಗೋ ಆಟ ಸಾಕು."

"ಅಕ್ಕಾ, ಹದಿನೇಳರ ಪಾನಾ ಆ ಕಡೆ ಇದ್ರೆ ಕೊಡೋಕೆ ಹೇಳು" ಎಂದ ಪಂಪಿನವನು.

"ಇಲ್ಲ ಅಂತ ಹೇಳಕ್ಕ" ಎಂದ ಬಡಗಿ.

"ನಾನೇನು ಟೆಲಿಫೋನ್ ತಂತಿನಾ? ನಿಮ್ಮಿಬ್ಬರ ಮಧ್ಯ ಇರೋದು ಒಂದು ಇಂಜಿನ್ನು. ಅದರ ಮೇಲಿಂದ ಕೂಗಿದ್ರೂ ಕೇಳುತ್ತೆ."

ಯಾರೂ ಕೂಗಲಿಲ್ಲ. ಪಂಪಿನವನು ತನ್ನ ಕಡೆಯ ಚಕ್ರ ಎಳೆದು ಇಟ್ಟ, ಡ್ರಮ್ಮಿಗೆ ಸುತ್ತಿಗೆಯಿಂದ ತಟ್ಟಿ ತೆಗೆದ. ಒಳಗೆ ಒಣ ಧೂಳು ಬಿಟ್ಟರೆ ಎಲ್ಲ ಚೊಕ್ಕಟವಾಗಿತ್ತು. ಆಚೆ ಕಡೆ ಸದ್ದೇ ಇಲ್ಲ. ಏನು ಮಾಡುತ್ತಿದ್ದಾನೆ ಇವನು ಎಂದು ಬಗ್ಗಿ ಗಾಡಿಯ ಅಡಿಯಿಂದ ನೋಡಿದ.

ಅಣ್ಣ ನೆಲದ ಮೇಲೆ ಕೂತಿದ್ದ. ನಟ್ಟುಗಳನ್ನೆಲ್ಲ ಬಿಚ್ಚಿಯಾಗಿತ್ತು. ಚಕ್ರ ಮಾತ್ರ ಇನ್ನೂ ಗಾಡಿಯಲ್ಲೇ. ಎಡಗೈಯಿಂದ ಅದರ ಅಂಚು ಹಿಡಿದು, ಮೊಣಕಾಲಿನಿಂದ ಅಡಿಯಲ್ಲಿ ಒತ್ತಿ, ಹೇಗಾದರೂ ಹೊರಗೆ ಜಾರಿಸಲು ನೋಡುತ್ತಿದ್ದ. ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು, ಬೇರೆ ಯಾರದೋ ಕೈಯ ಹಾಗೆ. ಒಂದು ಸಲ ಅದನ್ನು ಎತ್ತಿದ. ಎದೆಯ ಮಟ್ಟಕ್ಕೂ ಬರಲಿಲ್ಲ. ಹಲ್ಲು ಕಚ್ಚಿಕೊಂಡು ಮತ್ತೆ ಇಳಿಸಿದ.

ಪಂಪಿನವನು ಎದ್ದು, ಮುಂದಿನ ಬಂಪರ್ ಸುತ್ತುಹಾಕಿ, ಬಲಗಡೆಗೆ ಬಂದ.

"ಕೈಗೇನಾಗಿದೆ?"

ಬಡಗಿ ಅಕ್ಕನ ಕಡೆ ನೋಡಿದ. ಅಕ್ಕ ಕನ್ನಡಿ ಒರೆಸತೊಡಗಿದಳು.

"ಅಣ್ಣ, ನಿನ್ನನ್ನೇ ಕೇಳ್ತಿರೋದು."

"ಏನಿಲ್ಲ. ಭುಜ ಹಿಡ್ಕೊಂಡಿದೆ."

"ಯಾವಾಗಿಂದ?"

"ಕೊಟ್ಟಿಗೆ ಮಾಡು ಹಿಗ್ಗಿಸಿದಾಗಿಂದ."

"ಅದಕ್ಕೇ ಚಕ್ರ ಬಿಚ್ಚದೆ ಬರೀ ಕಿಂಡಿಯಲ್ಲಿ ತಿರುಗಿಸಿ ಹೋಗ್ತಿದ್ದೆ."

"ಬಿಚ್ಚೋಕಾಗಲ್ಲ ಕಣೋ." ಬಡಗಿ ನೆಲ ನೋಡುತ್ತಿದ್ದ. "ಉಳಿ ಹಿಡಿಯೋಕಾಗುತ್ತೆ, ಹಲಗೆ ಎತ್ತೋಕಾಗಲ್ಲ. ಬರೀ ಮಣೆ, ಸ್ಟೂಲು ಮಾಡ್ಕೊಂಡಿದೀನಿ. ಅಂಗಿ ತೊಡಿಸೋದೂ ನಿಮ್ಮತ್ತಿಗೆನೇ. ಬಡಗಿಗೆ ಕೈ ಹೋಯ್ತು ಅಂತ ಗೊತ್ತಾದ್ರೆ ಬಾಗಿಲು ಕಿಟಕಿ ಯಾರು ಕೊಡ್ತಾರೆ ಹೇಳು."

ಪಂಪಿನವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. ಏಣಿ ಹತ್ತಿ, ಎರಡೂ ಕೈ ತಲೆಯ ಮೇಲೆತ್ತಿ ಕಟ್ಟಬೇಕಾದ ತಗಡಿನ ದೋಣಿ ಅವನ ಕಣ್ಣ ಮುಂದೆ ಬಂದಿರಬೇಕು. ಮುಖ ಕೆಂಪಾಯಿತು.

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ನೀನು ಬೀದಿಯಲ್ಲಿ ನಿಂತು ಕೂಗ್ತಿದ್ದೆ. ಯಾವ ಬಾಯಲ್ಲಿ ಹೇಳ್ಲಿ?"

"ಸರಿ, ಕೂಗಿದೆ" ಎಂದ ಪಂಪಿನವನು. "ಆ ಕಡೆ ಸರಿ."

ಚಕ್ರವನ್ನು ಅವನೇ ಎಳೆದ. ಡ್ರಮ್ ತೆಗೆದಾಗ ಒಳಗಿಂದ ಬ್ರೇಕ್ ಆಯಿಲಿನ ವಾಸನೆ ಬಂತು. ಸಿಲಿಂಡರಿನ ರಬ್ಬರು ಸವೆದು, ಆಯಿಲು ಜಿನುಗಿ, ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ತೊಯ್ದು ಕರ್ರಗಾಗಿತ್ತು. ಎಷ್ಟು ಬಿಗಿ ಮಾಡಿದರೂ ಅದು ಒಂದು ಸಲ ಹಿಡಿದರೆ ಇನ್ನೊಂದು ಸಲ ಜಾರುವುದೇ.

"ಇದನ್ನ ಇಟ್ಕೊಂಡು ಮಕ್ಕಳನ್ನ ಇಳಿಸಿದೀನಿ" ಎಂದಳು ಅಕ್ಕ. ಯಾವಾಗಲೋ ಇಳಿದು ಬಂದು ಹಿಂದೆ ನಿಂತಿದ್ದಳು. ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಬಡಗಿಗೆ ಅದೇ ಹೆಚ್ಚು ಚುಚ್ಚಿತು.

"ಆಯಿಲ್ ಕಮ್ಮಿಯಾದಾಗಲೇ ನಾನು ಹೇಳ್ಬೇಕಿತ್ತಕ್ಕ. ಸುಮ್ನೆ ಮೇಲಿಂದ ತುಂಬಿಸಿದೆ."

"ನೀನು ಹೇಳ್ಲಿಲ್ಲ. ಇವನು ಕೇಳ್ಲಿಲ್ಲ. ನಾನೂ ನಿಮ್ಮಿಬ್ಬರ ಗಂಟು ಮುಖ ನೋಡ್ಕೊಂಡು ಸುಮ್ಮನಿದ್ದೆ. ಈಗ ಮುಂದಿನದು ನೋಡ್ರೋ."

ಪಂಪಿನವನು ಪೇಟೆಯ ಬಸ್ಸು ಹಿಡಿದ. ಎರಡೂ ಕಡೆಗೆ ಹೊಸ ಶೂ, ಹೊಸ ರಬ್ಬರು ತಂದ. ಒಂದೇ ಕಡೆ ಹೊಸದು ಹಾಕಿದರೆ ಮತ್ತೆ ಎಳೆದಾಟ ತಪ್ಪುವುದಿಲ್ಲ. ಮಧ್ಯಾಹ್ನ ಬಿಸಿಲಿನಲ್ಲಿ ಬಡಗಿ ಡ್ರಮ್ಮುಗಳನ್ನು ಎಡಗೈಯಲ್ಲಿ ಉಜ್ಜಿ ತೊಳೆದುಕೊಟ್ಟ, ಸ್ಪ್ರಿಂಗು ಯಾವ ರಂಧ್ರಕ್ಕೆ ಎಂದು ಹೇಳಿಕೊಟ್ಟ. ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವಾಗ ಅವನೇ ಸೀಟಿಗೆ ಹತ್ತಿ ಪೆಡಲ್ ಒತ್ತಿದ. ಕೆಳಗಿಂದ ತಮ್ಮನ ದನಿ ಬರುತ್ತಿತ್ತು.

"ಒತ್ತು... ಹಿಡ್ಕೋ... ಬಿಡು. ಬಿಡು ಅಂದ್ನಲ್ಲ, ನಿದ್ದೆ ಮಾಡ್ತಿದೀಯಾ?"

"ಕಾಲಿಗೆ ಏನೂ ಆಗಿಲ್ಲ ಮಾರಾಯ, ನೀನು ನಟ್ಟು ನೋಡ್ಕೋ."

ಸಂಜೆಗೆ ಮುಂಚೆ ಅಕ್ಕ ಗಾಡಿಯನ್ನು ದೊಡ್ಡ ತಿರುವಿಗೆ ಒಯ್ದಳು. ತಾನೊಬ್ಬಳೇ ಹೋಗಿ ನೋಡುತ್ತೇನೆ ಎಂದಳು. ತಮ್ಮಂದಿರು ಒಪ್ಪಲಿಲ್ಲ. ಖಾಲಿ ಗಾಡಿಯ ಬ್ರೇಕು ನಂಬುವ ಹಾಗಿಲ್ಲ, ಭಾರ ಬೇಕು ಎಂದು ಹಿಂದಿನ ಬೆಂಚಿನ ಮೇಲೆ, ಮಕ್ಕಳು ಕೂರುವಲ್ಲಿ, ಅಕ್ಕಪಕ್ಕ ಕೂತರು.

"ಒತ್ತುತೀನಿ" ಎಂದಳು ಅಕ್ಕ.

ಬಡಗಿ ಮೇಲಿನ ಸರಳು ಹಿಡಿಯಲು ಕೈ ಎತ್ತಿದ. ಕೈ ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಪಂಪಿನವನು ತನ್ನ ತೋಳನ್ನು ಅವನ ಎದೆಗೆ ಅಡ್ಡ ಚಾಚಿ ಎದುರಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದ. ಜೀಪು ಒಂದು ಸಲ ಗೋಣು ಬಗ್ಗಿಸಿ, ಅತ್ತಿತ್ತ ಅಲುಗದೆ, ಇಳಿಜಾರಿನಲ್ಲಿ ನೆಟ್ಟಗೆ ನಿಂತಿತು. ಹಿಂದಿನ ಧೂಳು ಮುಂದೆ ಬಂದು ಮೂವರ ಮೇಲೂ ಹಾಯಿತು.

ಅಕ್ಕ ಇಳಿದು ದಾರಿಯ ಮೇಲಿನ ಚಕ್ರದ ಗುರುತು ನೋಡಿದಳು. ಇನ್ನೊಂದು ಸಲ ನೋಡಬೇಕೆಂದಳು, ನೋಡಿದಳು. ಮೂರನೆಯ ಸಲ ನಿಂತಾಗ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಉಸಿರು ಬಿಟ್ಟಳು.

"ಮೇಲಿನ ಮನೆಗಳಿಗೆ ಹೇಳಿ ಬರ್ಬೇಕು" ಎಂದಳು. "ನಾಳೆ ಬರ್ತೀನಿ ಅಂತ."

"ಹಾಗಿದ್ರೆ ಹತ್ತಿಸು ಗಾಡಿ" ಎಂದ ಪಂಪಿನವನು. ಮತ್ತೆ ಪಕ್ಕಕ್ಕೆ ತಿರುಗಿ, ಬೇರೆ ಏನನ್ನೋ ಹೇಳುವವನಂತೆ, "ನಾಳೆ ಮಕ್ಕಳನ್ನ ಇಳಿಸಿದ ಮೇಲೆ ಅಕ್ಕ ಆಸ್ಪತ್ರೆ ಕಡೆ ಹೋಗ್ತಾಳೆ. ನೀನೂ ಗಾಡಿ ಹತ್ತು, ಸುಮ್ನೆ ಕೂತಿರು, ಇಳೀಬೇಡ" ಎಂದ.

"ನೀನು?"

"ನಾನೂ ಬರ್ತೀನಿ. ನಿನ್ನ ಮಾತು ನಂಬಿದ್ರೆ ಡಾಕ್ಟರ ಹತ್ರನೂ 'ಏನಿಲ್ಲ' ಅಂದು ಬರ್ತೀಯ."

ಬಡಗಿ ನಕ್ಕ. ಅಕ್ಕ ಗೇರು ಹಾಕಿದಳು. ಜೀಪು ಗುಡ್ಡದ ಕಡೆ ಮುಖ ಮಾಡಿತು.