ನಿಂತೇ ಬಡಿಸಿದವಳು

ಅಲಬಾಮಾದ ಆ ಪುಟ್ಟ ಊರಿನ ಕಪ್ಪು ಜನರ ಬೀದಿಯಲ್ಲಿ ಭಾನುವಾರದ ಊಟವೆಂದರೆ ಮೋಜೆಲ್‌ಳ ಮನೆಯ ಊಟವೇ. ಕರಿದ ಕೋಳಿ, ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು, ಸಕ್ಕರೆ ಸುರಿದು ಸುಟ್ಟ ಗೆಣಸಿನ ಪೈ, ಗಾಜಿನ ಹೂಜಿ ತುಂಬ ತಣ್ಣನೆಯ ಸಿಹಿ ಚಹಾ. ಆ ಘಮ ನೆನೆದರೆ ಮಗಳು ವೊನೆಟಾಳಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ. ಅಮ್ಮ ಚರ್ಚಿನ ಹಾಡು ಗುನುಗುತ್ತ ಎಲ್ಲರ ತಟ್ಟೆ ತುಂಬುವಳು. ಕೊನೆಗೆ ಒಲೆಯ ಪಕ್ಕ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳುವಳು. ಮನೆಯೊಡತಿ ಕೂತು ಉಣ್ಣುವ ರೂಢಿಯೇ ಅಲ್ಲಿರಲಿಲ್ಲ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಇಡೀ ಮನೆ ಬದಲಾಯಿತು. ಅವನಿಗೆ ಬೇರೆ ಅಡುಗೆ, ಬೇರೆ ಚಹಾ. ಅಮ್ಮ ದಿನವೂ ಮೊಣಕಾಲೂರಿ ಅವನ ಪಾದ ನೋಡುತ್ತಿದ್ದಳು. ಅವಳಿಗೇ ಬಂದಾಗ ಮಾತ್ರ ಅದು ‘ಒಂಚೂರು ಸಕ್ಕರೆ’ಯಾಗಿಬಿಟ್ಟಿತು.

“ಕಾಲು ಊದಿದೆಯಲ್ಲಮ್ಮ, ಆಸ್ಪತ್ರೆಗೆ ಹೋಗೋಣ,” ಎಂದಳು ವೊನೆಟಾ.

“ಆ ಬಿಳಿ ಡಾಕ್ಟರ್ ಹತ್ರಾನಾ? ‘ನಿಮ್ ಜನ ತಿನ್ನೋದೇ ಹಿಂಗೆ’ ಅಂತ ಮುಖಾನೂ ನೋಡ್ದೆ ಕಳಿಸ್ದ. ನಮ್ಮಣ್ಣ ನಡ್ಕೊಂಡು ಹೋದೋನು ಒಂದೇ ಕಾಲಲ್ಲಿ ಬಂದ. ನಾನು ಚೆನ್ನಾಗೇ ಇದೀನಿ ಕಣೇ. ನಿಂತು ಕೆಲ್ಸ ಮಾಡ್ತಿಲ್ವಾ?”

ಅವಳು ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದಳು. ಮೈ ಬಗ್ಗಿಸಿ ದುಡಿಯುವವರೆಗೂ ಆರೋಗ್ಯವೇ ಎಂದು ಅವಳಿಗೆ ಅವಳಮ್ಮ ಕಲಿಸಿದ್ದಳು. ಆ ಅಮ್ಮನಿಗೆ ಬಿಳಿಯರ ಹತ್ತಿ ಹೊಲದ ದುಡಿಮೆ ಕಲಿಸಿತ್ತು. ವೊನೆಟಾ ಕೂಡ ಅದೇ ಪಾಠ ಕಲಿತವಳು. ತನಗೂ ಅದೇ ಕಾಯಿಲೆ ಶುರುವಾಗಿದೆ, ಕಾಲ್ಬೆರಳು ಜೋಮು ಹಿಡಿಯುತ್ತದೆ ಎಂದು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಪಾದ ಜೋಮು ಹಿಡಿದಿದ್ದರಿಂದ ಬೂಟಿನೊಳಗಿನ ಹುಣ್ಣು ಅಮ್ಮನಿಗೆ ನೋಯಲೇ ಇಲ್ಲ. ನಂಜೇರಿ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನಲ್ಲಿ ಊಟಕ್ಕೆ ಸೇರಿದರು. ದೊಡ್ಡಮ್ಮ ಲುಡೀ ಕಣ್ಣೊರೆಸಿಕೊಂಡು, “ನನ್ ತಂಗಿ ಒಂದಿನ ಕೂತೋಳಲ್ಲ. ಗಟ್ಟಿಗಿತ್ತಿ!” ಎಂದಳು. ಹೆಂಗಸರೆಲ್ಲ ಹೌದೌದು ಎಂದರು. ನಮ್ಮಲ್ಲಿ ಹೆಂಗಸರನ್ನು ಹೀಗೆ ಹೊಗಳಿಯೇ ಕೊಲ್ಲುತ್ತೇವೆ ಎನಿಸಿತು ವೊನೆಟಾಳಿಗೆ. ದೊಡ್ಡಮ್ಮ ಬಡಿಸುವ ಸೌಟನ್ನು ವೊನೆಟಾಳ ಕೈಗಿಟ್ಟಳು. “ಇನ್ಮೇಲೆ ಇದು ನಿಂದು.”

ವೊನೆಟಾ ಸೌಟನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕೂತಳು.

“ಏನೇ ಇದು! ಪಾಸ್ಟರಿಗೇ ಇನ್ನೂ ಬಡಿಸಿಲ್ಲ!”

“ಅಮ್ಮ ಕೂರಬೇಕಿತ್ತು ದೊಡ್ಡಮ್ಮ. ನನಗೂ ಸಕ್ಕರೆ ಕಾಯಿಲೆ ಇದೆ. ಒಂಚೂರಲ್ಲ. ನಾಳೆ ಆಸ್ಪತ್ರೆಗೆ ಹೋಗ್ತೀನಿ. ಆ ಡಾಕ್ಟರ್ ನನ್ ಮುಖ ನೋಡಿ ಮಾತಾಡೋವರ್ಗೂ ಅಲ್ಲಿಂದ ಏಳಲ್ಲ.”

“ಹಂಗೆಲ್ಲ ಬಾಯಿಬಿಟ್ಟು ಹೇಳ್ತಾರೇನೇ? ನಾಲ್ಕು ಜನದ ಮುಂದೆ!”

“ಹೇಳ್ದೆ ಇದ್ದೋಳನ್ನ ಈಗ ತಾನೆ ಮಣ್ಣು ಮಾಡಿ ಬಂದ್ವಿ.”

ವೊನೆಟಾ ತಮ್ಮನ ಕಡೆ ತಿರುಗಿದಳು. “ಥಡಿಯಸ್, ಒಂದು ತಟ್ಟೆ ತಾರೋ. ಪೈ ಬೇಡ.”

ಹುಟ್ಟಿದಾರಭ್ಯ ಸೌಟು ಮುಟ್ಟದ ಥಡಿಯಸ್ ತಡವರಿಸುತ್ತ ಎದ್ದ. ದೊಡ್ಡಮ್ಮ ಗೊಣಗುತ್ತಲೇ ಇದ್ದಳು. ಗೊಣಗುತ್ತಲೇ ಪಕ್ಕದ ಕುರ್ಚಿ ಎಳೆದು, ಉಸ್ಸಪ್ಪಾ ಎಂದು ಕೂತು, ಊದಿದ ಪಾದಗಳನ್ನು ಬೂಟಿನಿಂದ ಬಿಡಿಸಿಕೊಂಡಳು.

“ಲೋ, ನಂಗೂ ಒಂದು ತಟ್ಟೆ ತಾರೋ,” ಎಂದಳು. ಆಮೇಲೆ ತಲೆ ತಗ್ಗಿಸಿ, ಮೆಲ್ಲಗೆ, “ನಂಗೂ ಪೈ ಬೇಡ.”