ಬುಕ್ಕಾಂಬುಧಿಯ ಸೊಗಡು ಪರೀಕ್ಷೆ

ಅಜ್ಜಂಪುರದ ದತ್ತಾತ್ರಿಯವರು ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆಮೇಲೆ ಅವರಿಗೆ ಉಳಿದ ಅಧಿಕಾರವೆಲ್ಲ ಮೂಗಿನದು. ಚಳಿಗಾಲದಲ್ಲಿ ಕಡೂರು ಸಂತೆಗೆ ಹೋದರೆ ಅವರೆಕಾಯಿ ಮಾರುವವರು ತಾವಾಗಿಯೇ ಒಂದು ಹಿಡಿ ಎತ್ತಿ ಅವರ ಮೂಗಿನ ಬಳಿ ಹಿಡಿಯುತ್ತಿದ್ದರು. ಅವರು ಕಣ್ಣು ಮುಚ್ಚಿ ಉಸಿರೆಳೆದು, "ಇದು ಅಮೃತಾಪುರದ ಕಡೇದು. ನೀರು ಹಾಯಿಸಿ ಬೆಳೆದಿದ್ದಾರೆ, ಸೊಗಡು ಸಾಲದು" ಎಂದರೆ ಮುಗಿಯಿತು, ಆ ಗುಡ್ಡೆಯ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ. ಇಬ್ಬನಿ ಬಿದ್ದ ಅವರೆಕಾಯಿಯ ಮೇಲೆ ಜಿಡ್ಡಾಗಿ ಕೂತು, ಬಿಡಿಸಿದ ಕೈಯಲ್ಲಿ ಸಂಜೆಯವರೆಗೂ ಘಮ್ಮೆನ್ನುವುದೇ ಸೊಗಡು. ಅದಿಲ್ಲದ ಅವರೆಯನ್ನು ನಮ್ಮ ಕಡೆ ದನವೂ ಎರಡು ಸಲ ಯೋಚಿಸಿ ತಿನ್ನುತ್ತದೆ.

ಇಂಥ ಮೂಗಿನ ಜೊತೆ ಸಂಸಾರ ಮಾಡುವ ಕಷ್ಟವನ್ನು ಅವರ ಹೆಂಡತಿ ಅಲಮೇಲು ಅವರನ್ನೇ ಕೇಳಬೇಕು. ಎಲೆಯ ಮುಂದೆ ಕೂರುವ ಮೊದಲೇ ಮೂಗು ವರದಿ ಒಪ್ಪಿಸುತ್ತಿತ್ತು. ಕೊತ್ತಂಬರಿ ಬೀಜ ಹೆಚ್ಚು ಹುರಿದಿದೆ. ಇಂಗು ಹಳೆಯದು. ಒಗ್ಗರಣೆಗೆ ಕರಿಬೇವು ಬಿದ್ದದ್ದು ತಡವಾಯಿತು. ಹೀಗೆ ತಪ್ಪು ಹೇಳದೆ ಅವರು ಎದ್ದ ಊಟವಿಲ್ಲ. ಹೊಗಳಿದ್ದನ್ನು ಕೇಳಿದವರಂತೂ ಬೀದಿಯಲ್ಲಿ ಒಬ್ಬರೂ ಇಲ್ಲ.

ಅಷ್ಟರಲ್ಲಿ ಕೊರೋನಾ ಬಂತು. ಗಂಡಹೆಂಡಿರಿಬ್ಬರಿಗೂ ಜ್ವರ ಬಂದು ಹೋಯಿತು. ಹೋಗುವಾಗ ದತ್ತಾತ್ರಿಯವರ ಮೂಗಿನೊಳಗಿನ ಸಾಮಾನನ್ನೆಲ್ಲ ಕಟ್ಟಿಕೊಂಡು ಹೋಯಿತು. ಊರವರಿಗೆ ಸ್ವಲ್ಪ ದಿನಕ್ಕೆ ವಾಸನೆ ಮರಳಿತು. ಇವರಿಗೆ ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಉಪ್ಪು, ಹುಳಿ, ಖಾರ ನಾಲಗೆಗೆ ತಿಳಿಯುತ್ತಿತ್ತು, ಮಿಕ್ಕದ್ದೆಲ್ಲ ಬಿಸಿನೀರು.

ಇದನ್ನು ಅವರು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಇಲ್ಲಿ ಮೂಗೇ ಹೋಗಿ ಮೂಗುತಿ ಒಂದೇ ನೇತಾಡುತ್ತಿತ್ತು. ಆದರೆ ಶಿರಸ್ತೇದಾರರ ತಲೆ ಸುಮ್ಮನಿರುತ್ತದೆಯೇ? ಬಹುಬೇಗ ಉಪಾಯ ಹೊಳೆಯಿತು. ತಪ್ಪು ಹುಡುಕುವುದಕ್ಕೆ ಮೂಗು ಬೇಕು, ಹೊಗಳುವುದಕ್ಕೆ ಬಾಯಿ ಸಾಕು! ಅಂದಿನಿಂದ ಅವರು ಎಲ್ಲವನ್ನೂ ಹೊಗಳತೊಡಗಿದರು. ಸಂತೆಯ ಅವರೆ "ಭೇಷ್", ಮದುವೆ ಮನೆಯ ಪಾಯಸ "ದೇವಲೋಕದ್ದು", ಅಲಮೇಲು ಮಾಡಿದ ಹುಳಿ "ಅಮೃತ ಕಣೇ". ವಯಸ್ಸಾದ ಮೇಲೆ ಮನುಷ್ಯ ಮೆದುವಾದ ಎಂದು ಊರು ತಿಳಿಯಿತು.

ಹೀಗೆ ಐದು ಚಳಿಗಾಲ ಸುಖವಾಗಿ ಕಳೆದವು. ಆಮೇಲೆ ಒಂದು ಬೆಳಿಗ್ಗೆ ಧನ್ಯಶ್ರೀ ಸ್ಕೂಟರ್ ನಿಲ್ಲಿಸಿ ಮನೆಯೊಳಗೆ ಬಂದಳು. ಬುಕ್ಕಾಂಬುಧಿಯ ರೈತ ರಂಗಯ್ಯನ ಮಗಳು, ಅವರೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಶಾಲೆಗೆ ಹೋಗುವ ಕಾಲದಲ್ಲಿ ದತ್ತಾತ್ರಿಯವರೇ ಅವಳಿಗೆ ಲೆಕ್ಕ ಹೇಳಿಕೊಟ್ಟಿದ್ದರು. ಅವಳ ಮೇಲೆ ಅವರಿಗೆ ಬಹಳ ಅಕ್ಕರೆ.

"ಸಾರ್, ನಮ್ಮ ಸೊಗಡಿನ ಅವರೆಗೂ ಕೆಮ್ಮಣ್ಣುಗುಂಡಿ ಗುಡ್ಡದ ಕಾಡು ಅವರೆಗೂ ಸಂಬಂಧ ಮಾಡ್ಸಿದೀನಿ" ಎಂದಳು. "ದಾಯಾದಿಗಳೇ, ಆದ್ರೆ ಜಾತಿ ಬೇರೆ. ಕಾಡು ಅವರೆಗೆ ಕಾಯಿಕೊರಕ ಹುಳ ಬೀಳಲ್ಲ. ಆ ಗುಣ ನಮ್ಮದಕ್ಕೆ ಬರ್ಲಿ ಅಂತ."

"ಕೂಡಿತೇನಮ್ಮಾ?"

"ಎಲ್ಲಿ ಸಾರ್! ಪರಾಗ ಮುಟ್ಸಿದ್ರೆ ಕಾಯಿ ಕಚ್ಚೋದು, ನಾಲ್ಕೇ ದಿನಕ್ಕೆ ಉದುರೋದು. ತೊಟ್ಟನ್ನ ಹಿಡ್ಕೊಳ್ಳೋ ಹಾರ್ಮೋನು ಅಂಥ ಕಾಯಲ್ಲಿ ಸಾಕಷ್ಟು ಹುಟ್ಟಲ್ಲ. ನಾನೇ ಹೊರಗಿಂದ ಹಾಕಿದೆ. ಗಿಡ ಸುಮ್ನಿರುತ್ತಾ? ಹಾಕಿದ್ದನ್ನ ಒಡೆದು ಅರಗಿಸ್ಕೊಂಡು ಮತ್ತೆ ಖಾಲಿ ಕೈ ತೋರ್ಸೋದು. ದಿನಾ ಬೆಳಿಗ್ಗೆ ಇಂಕ್ ಫಿಲ್ಲರ್ ಹಿಡ್ಕೊಂಡು ಒಂದೊಂದು ತೊಟ್ಟಿಗೂ ಹನಿ ಬಿಟ್ಟೆ. ಒಂದು ದಿನ ಮರೆತ್ರೆ ಕಾಯಿ ನೆಲದ ಮೇಲೆ."

ದತ್ತಾತ್ರಿಯವರು ನಿಟ್ಟುಸಿರು ಬಿಟ್ಟರು. ಅವರ ಸುಳ್ಳೂ ಅಂಥದ್ದೇ ಅಲ್ಲವೇ? ನಿನ್ನೆ ಬಿಟ್ಟ ಹನಿ ಇವತ್ತಿಗೆ ಆಗದು.

ಉಳಿದ ಕಾಯಿಗಳ ಎಳೆ ಬೀಜದೊಳಗಿನ ಭ್ರೂಣ ತೆಗೆದು, ಬಾಟಲಿಯಲ್ಲಿ ಸಾಕಿ, ಸಸಿ ಮಾಡಿ ಅಪ್ಪನ ಹೊಲದಲ್ಲಿ ನೆಟ್ಟಿದ್ದಳು. ಈಗ ಅವುಗಳಲ್ಲಿ ಒಂದು ಸಾಲು ಕಾಯಿ ಬಿಟ್ಟಿತ್ತು, ಒಂದು ಹುಳವೂ ಸುಳಿದಿರಲಿಲ್ಲ. ಉಳಿದ ಸಾಲುಗಳು ಇನ್ನೂ ಹೂವಾಗಬೇಕಿತ್ತು.

"ವಾಸನೆ ಮಾತ್ರ ಏನೋ ಬೇರೆ ಅನ್ಸುತ್ತೆ ಸಾರ್. ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನ ಮೂಗನ್ನ ನಾನೇ ನಂಬಲ್ಲ. ಅಪ್ಪ ಹೇಳಿದ್ರು, ದತ್ತಾತ್ರಿಯವ್ರು ಸೊಗಡು ಅಂದ್ರೆ ಬರೋ ವರ್ಷ ಅದನ್ನೇ ಒಂದೆಕರೆ ಹಾಕ್ತೀನಿ ಅಂತ. ಭಾನುವಾರ ಬರ್ತೀರಾ?"

ಇಲ್ಲ ಎನ್ನಲು ನೆಪ ಬೇಕು. ಹೊಗಳಿಕೆ ಗಂಟಲಿಗೆ ಬಂದಷ್ಟು ಬೇಗ ನೆಪ ಬರಲಿಲ್ಲ. "ಅದಕ್ಕೇನಮ್ಮಾ, ಬರ್ತೀನಿ" ಎಂದುಬಿಟ್ಟರು.

ಅವಳು ಹೋದ ಮೇಲೆ ಮತ್ತೆ ತಲೆ ಓಡಿಸಿದರು. ಸೊಗಡೆಂದರೆ ಜಿಡ್ಡು, ಜಿಡ್ಡು ಬೆರಳಿಗೆ ಅಂಟುತ್ತದೆ. ಮೂಗು ಸತ್ತರೇನು, ಬೆರಳು ಬದುಕಿದೆ! ಅಲಮೇಲು ಸ್ನಾನಕ್ಕೆ ಹೋದಾಗ ಅಡುಗೆಮನೆಗೆ ನುಗ್ಗಿ ಬುಟ್ಟಿಯ ಅವರೆಕಾಯಿ ತಿಕ್ಕಿ ನೋಡಿದರು. ಚೂರೂ ಅಂಟಲಿಲ್ಲ. ಬೆರಳೂ ಕೈಕೊಟ್ಟಿತೇ? ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರ ಕೂರುವ ಮುದುಕಿಯಲ್ಲಿಗೆ ಓಡಿ ಒಂದು ಹಿಡಿ ಕಾಯಿ ತಿಕ್ಕಿದರು. ಬೆರಳಿಗೆ ಬೆರಳು ಅಂಟಿತು. ಹಾಗಾದರೆ ಬೆರಳು ಸರಿಯಾಗಿದೆ. ಅಲಮೇಲುಗೆ ಯಾರೋ ಮೋಸ ಮಾಡಿ ಸೊಗಡಿಲ್ಲದ್ದನ್ನು ಕಟ್ಟಿದ್ದಾರೆ. ಹೇಳೋಣವೆಂದರೆ, ನಿನ್ನೆ ತಾನೇ ಅದೇ ಕಾಯಿಯ ಹುಳಿಯನ್ನು ಅಮೃತ ಎಂದಾಗಿತ್ತು. ಬಾಯಿ ಮುಚ್ಚಿಕೊಂಡರು.

ಭಾನುವಾರ "ನೀನ್ಯಾಕೆ ಬಿಸಿಲಲ್ಲಿ" ಎಂದು ಹೆಂಡತಿಯನ್ನು ಬಿಟ್ಟು ಹೊರಡಲು ನೋಡಿದರು. ಅಲಮೇಲು ಆಗಲೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು. "ಅವರೆಗೆ ಮದುವೆ ಮಾಡಿಸಿದಾಳಂತೆ ಹುಡುಗಿ, ನಾನೂ ನೋಡ್ಬೇಡ್ವೇ?" ಎಂದರು. ಬಸ್ಸಿನಲ್ಲಿ ಅವರ ಮುಖದ ಮೇಲೆ ಒಂದು ನಗು ಇತ್ತು. ಅದರ ಅರ್ಥ ವಿಚಾರಿಸುವ ಸ್ಥಿತಿಯಲ್ಲಿ ಗಂಡ ಇರಲಿಲ್ಲ.

ಬುಕ್ಕಾಂಬುಧಿ ಕೆರೆಯ ಕೆಳಗಿನ ಹೊಲದಲ್ಲಿ ಅಕ್ಕಪಕ್ಕದ ರೈತರೆಲ್ಲ ಸೇರಿದ್ದರು. ರಂಗಯ್ಯನ ತಾಯಿ ಈರಕ್ಕ ತನ್ನ ಹಳೇ ಸೊಗಡವರೆ, ಅಂಗಡಿಯದು, ಮೊಮ್ಮಗಳ ಹೊಸದು ಎಂದು ಮೂರು ಮೊರಗಳಲ್ಲಿ ಕಾಯಿ ಇಟ್ಟುಕೊಂಡು ಕೂತಿದ್ದಳು. ಯಾವುದು ಯಾವುದೆಂದು ಹೇಳುವ ಹಾಗಿಲ್ಲ.

ದತ್ತಾತ್ರಿಯವರು ಮೊದಲ ಮೊರದಿಂದ ಕಾಯಿ ತೆಗೆದು ಬೆರಳಲ್ಲಿ ಮೆಲ್ಲಗೆ ತಿಕ್ಕಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಅಂಟಿತು. "ಇದು ಈರಕ್ಕನ ಹಳೇ ಸೊಗಡವರೆ."

"ಸರ್ಯಾಗ್ ಹೇಳುದ್ರು ಕಣ್ರೀ!" ಎಂದ ರಂಗಯ್ಯ.

ಎರಡನೆಯದು ಅಂಟಲಿಲ್ಲ. "ಇದು ಅಂಗಡಿಯ ಹೈಬ್ರಿಡ್ ಅವರೆ. ಇದನ್ನ ತಿನ್ನೋದಕ್ಕಿಂತ ಉಪವಾಸ ಮೇಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲಮೇಲು ಮಾತ್ರ ಯಾಕೋ ಜೋರಾಗಿ ಕೆಮ್ಮಿದರು.

ದತ್ತಾತ್ರಿಯವರ ಎದೆ ಉಬ್ಬಿತು. ಮೂರನೆಯ ಮೊರಕ್ಕೆ ಕೈ ಹಾಕಿದರು. ಅಂಟು ಎಂದರೆ ಅಂಟು, ಹಲಸಿನ ಮೇಣದ ತಮ್ಮ! ಅವರು ಕಾಯಿಯನ್ನು ಎರಡೂ ಹೊಳ್ಳೆಗೆ ಒತ್ತಿ, ಹೊಟ್ಟೆಯ ತನಕ ಉಸಿರೆಳೆದು, "ಆಹಾ! ಇದಪ್ಪಾ ಸೊಗಡು! ನಮ್ಮಜ್ಜಿ ಕಾಲದ ಸೊಗಡು!" ಎಂದರು.

ಚಪ್ಪಾಳೆ ಬೀಳಲಿಲ್ಲ. ಕಣ್ಣು ತೆರೆದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಈರಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಆ ಕಾಯಿ ನೂರು ತಿಗಣೆ ಹೊಸಕಿದಂತೆ ನಾರುತ್ತಿತ್ತು. ಅದನ್ನು ಅರಿಯದವರು ಆ ಹೊಲದಲ್ಲಿ ಒಬ್ಬರೇ.

ನಮ್ಮ ಜನದ ಮರ್ಯಾದೆ ನೋಡಿ. ದೊಡ್ಡವರ ಮೂಗನ್ನು ಸುಳ್ಳು ಮಾಡುವುದಕ್ಕಿಂತ ತಮ್ಮ ಮೂಗನ್ನು ಅನುಮಾನಿಸುವುದೇ ಅವರಿಗೆ ಸುಲಭ. ರಂಗಯ್ಯ ಕಾಯಿ ತೆಗೆದುಕೊಂಡು ಮೂಸಿ, ಕಣ್ಣಲ್ಲಿ ನೀರು ತಂದುಕೊಂಡು, "ಇರ್ಬೋದು ಕಣ್ರಪ್ಪಾ. ಹಳೇ ಕಾಲದ್ ಸೊಗಡು ಅಂದ್ರೆ ಹಿಂಗೇ ಇತ್ತೇನೋ" ಎಂದ. ಪಕ್ಕದ ಹೊಲದ ಗಿರಿಯಪ್ಪ ಉಸಿರು ಬಿಗಿಹಿಡಿದೇ "ಹೌದೌದು" ಎಂದ.

ಧನ್ಯಶ್ರೀಯ ಮುಖ ಅರಳಿತು. "ನಿಜವಾಗ್ಲೂ ಸಾರ್? ನನಗೆ ತಿಗಣೆ ವಾಸನೆ ಬಂದಿತ್ತು. ನನ್ನ ಮೂಗೇ ಸರಿ ಇರ್ಲಿಲ್ವಾ ಹಂಗಾದ್ರೆ!"

"ಇನ್ನೇನ್ ಮಗಾ" ಎಂದು ರಂಗಯ್ಯ ಪಂಚೆ ಎತ್ತಿ ಕಟ್ಟಿದ. "ಇದೊಂದ್ ಸಾಲ್ ಬೀಜುಕ್ ಬುಟ್ಟು ಉಳ್ದಿದ್ ಸಸಿಯೆಲ್ಲ ಕಿತ್ತಾಕಾನ. ಜಾಗ ದಂಡ." ಬಗ್ಗಿ ಮೊದಲ ಸಸಿಯ ಬುಡಕ್ಕೆ ಕೈ ಹಾಕಿಯೂಬಿಟ್ಟ.

ದತ್ತಾತ್ರಿಯವರಿಗೆ ತಾನು ಏನು ಮಾಡಿದೆನೆಂದು ಆಗ ಹೊಳೆಯಿತು. ಸುಮ್ಮನಿದ್ದರೆ ಮೂಗಿನ ಹೆಸರು ಉಳಿಯುತ್ತದೆ. ಆದರೆ ಒಂದೊಂದು ತೊಟ್ಟಿಗೂ ಹನಿ ಬಿಟ್ಟು ಈ ಹುಡುಗಿ ಉಳಿಸಿಕೊಂಡ ಸಸಿಗಳು ಅವರ ಕಣ್ಣೆದುರೇ ತಿಪ್ಪೆ ಸೇರುತ್ತವೆ. ಅವರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

"ರಂಗಯ್ಯಾ, ಬಿಡೋ ಅದನ್ನ!" ಎಂದು ಕೂಗಿದರು. "ನನಗೆ ವಾಸನೆ ಬರಲ್ಲ ಕಣಪ್ಪಾ. ಕೊರೋನಾದಿಂದ ಈಚೆಗೆ ಏನೂ ಬರಲ್ಲ. ಬೆರಳಿಗೆ ಅಂಟಿತು, ಸೊಗಡು ಅಂದೆ. ಹುಡುಗಿ ಮೂಗು ಸರಿಯಾಗಿದೆ, ನನ್ನದೇ ಸತ್ತಿದೆ."

ಈರಕ್ಕ ಸೆರಗು ತೆಗೆದು, "ಅಯ್ಯೋ ಶಿವ್ನೇ, ನಾನೆಲ್ಲೋ ನನ್ನ್ ಮೂಗ್ಗೇ ವಯಸ್ಸಾಯ್ತು ಅನ್ಕಂಡೆ! ಈ ನಾತುಕ್ಕೇ ಕಣೇ ಹುಳ ಬೀಳ್ದಿರಾದು. ಹುಳಕ್ಕೂ ಮಾನ ಐತೆ!" ಎಂದಳು. ನಗು ಎದ್ದಿತು. ಉಸಿರು ಹಿಡಿದು ಕೆಂಪಾಗಿದ್ದ ಗಿರಿಯಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ದತ್ತಾತ್ರಿಯವರು ಇಂಗು ತಿಂದ ಮಂಗನಂತೆ ಬದುವಿನ ಮೇಲೆ ಕೂತರು.

ಧನ್ಯಶ್ರೀ ನಗಲಿಲ್ಲ. ಪಕ್ಕದಲ್ಲಿ ಬಂದು ಕೂತಳು. "ನಿಮ್ಮ ಬೆರಳು ಸುಳ್ಳು ಹೇಳಿಲ್ಲ ಸಾರ್. ಜಿಡ್ಡು ನಮ್ಮ ಅವರೆಯಿಂದ ಬಂದಿದೆ, ನಾತ ಕಾಡಿಂದ ಬಂದಿದೆ. ಇದನ್ನ ಮತ್ತೆ ಅಜ್ಜಿ ಅವರೆ ಜೊತೆ ಕೂಡಿಸ್ಬೇಕು. ಉಳಿದ ಸಾಲಲ್ಲಿ ನಾತ ಕಮ್ಮಿ ಇರೋದು ಒಂದಾದ್ರೂ ಸಿಕ್ಕುತ್ತೆ. ಅಪ್ಪ ಕಿತ್ತಿದ್ರೆ ಎಲ್ಲ ಮುಗೀತಿತ್ತು." ಅವರ ಕೈ ಹಿಡಿದು ಅದುಮಿದಳು. ಇಬ್ಬರ ಕೈಯೂ ಅಂಟಿಕೊಂಡಿತು, ಬಿಡಿಸಿಕೊಳ್ಳಲು ಕಷ್ಟವಾಯಿತು.

ಈರಕ್ಕ ತನ್ನ ಸೊಗಡವರೆಯನ್ನು ಒಂದು ಚೀಲ ತುಂಬಿ ಕೊಟ್ಟಳು. ಬಸ್ಸಿನಲ್ಲಿ ದತ್ತಾತ್ರಿಯವರು ಕಿಟಕಿಯ ಕಡೆ ಮುಖ ಮಾಡಿ, "ನಿನ್ನ ಹತ್ರಾನೂ ಮುಚ್ಚಿಟ್ಟೆ ಕಣೇ" ಎಂದರು.

"ಗೊತ್ತಿತ್ತು" ಎಂದರು ಅಲಮೇಲು.

"ಏನಂದೆ?"

"ಜ್ವರ ಬಿಟ್ಟ ವಾರದಲ್ಲೇ ಗೊತ್ತಾಯ್ತು. ಹಾಲು ಸೀದು ಪಕ್ಕದ ಮನೆಯವರು ಓಡಿ ಬಂದ್ರು, ನೀವು ಒಲೆ ಹತ್ರಾನೇ ಕೂತು ಪೇಪರ್ ಓದ್ತಿದ್ರಿ. ಅವತ್ತಿಂದ ನಾನು ಸೊಗಡವರೆ ತಂದಿಲ್ಲ. ನನಗೆ ಮೊದಲಿಂದ್ಲೂ ಆ ವಾಸನೆ ಆಗಲ್ಲ, ತಲೆ ಸಿಡಿಯುತ್ತೆ. ಐದು ವರ್ಷ ನೀವು ತಿಂದಿದ್ದು ಅಂಗಡಿ ಹೈಬ್ರಿಡ್ಡು. ಉಪವಾಸ ಮೇಲು ಅಂದ್ರಲ್ಲ, ಅದೇ."

ದತ್ತಾತ್ರಿಯವರಿಗೆ ಮನೆಯ ಬುಟ್ಟಿ ನೆನಪಾಯಿತು. "ಗೊತ್ತಿದ್ದೂ ಯಾಕೆ ಒಂದು ಮಾತು ಹೇಳ್ಲಿಲ್ಲ?"

ಅಲಮೇಲು ಮಡಿಲಲ್ಲಿದ್ದ ಚೀಲದ ಬಾಯನ್ನು ಬಿಗಿಯಾಗಿ ಹಿಡಿದುಕೊಂಡರು. "ಹೇಳಿದ್ರೆ ಹೊಗಳೋದು ನಿಲ್ಲಿಸ್ಬಿಡ್ತಿದ್ರಿ" ಎಂದರು. "ಮದುವೆಯಾದಾಗಿನಿಂದ ಒಂದು ದಿನ ಚೆನ್ನಾಗಿದೆ ಅಂದವರಲ್ಲ. ಸುಳ್ಳೇ ಆಗ್ಲಿ, ಕೇಳೋಕೆ ಹಿತವಾಗಿತ್ತು."

ಅಜ್ಜಂಪುರದಲ್ಲಿ ಇಳಿಯುವಾಗ ದತ್ತಾತ್ರಿಯವರು ಚೀಲವನ್ನು ತಾವೇ ಎತ್ತಿಕೊಂಡರು.

ಸಂಜೆ ಊಟಕ್ಕೆ ಕೂತಾಗ ಅಲಮೇಲು ಅವರೆಕಾಳಿನ ಹುಳಿ ತಂದು ಬಡಿಸಿದರು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಮೂಗನ್ನು ಮುಚ್ಚಿಕೊಂಡಿದ್ದರು. ಇದು ಈರಕ್ಕನ ನಿಜವಾದ ಸೊಗಡವರೆ ಎಂದು ದತ್ತಾತ್ರಿಯವರಿಗೆ ಅಷ್ಟರಿಂದಲೇ ತಿಳಿಯಿತು.

ಅವರು ಕಲಸಿ ಒಂದು ತುತ್ತು ಬಾಯಿಗಿಟ್ಟರು.

"ಹೇಗಿದೆ?" ಎಂದು ಸೆರಗಿನೊಳಗಿಂದಲೇ ಕೇಳಿದರು ಅಲಮೇಲು.

"ಏನೂ ಗೊತ್ತಾಗಲ್ಲ ಕಣೇ" ಎಂದರು ದತ್ತಾತ್ರಿ. ಎಲೆಯನ್ನು ಅವರ ಕಡೆಗೆ ಸರಿಸಿದರು. "ಇನ್ನೊಂದು ಸೌಟು ಹಾಕು."