ಅತ್ತೆಯ ಗೇಣು

ಮೊದಲೇ ಹೇಳಿಬಿಡ್ತೀನಿ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ. ಅದರಲ್ಲೂ ಭಾರವಾದ ವೆಬ್‌ಸೈಟ್ ಕಂಡರೆ ಮೈಯೆಲ್ಲ ಉರಿಯುತ್ತೆ. ಒಂದು ಫೋನ್ ನಂಬರ್ ಬೇಕು ಅಂತ ತೆರೆದರೆ ಮೊದಲು ಒಂದು ವಿಡಿಯೋ ಕುಣಿಯುತ್ತೆ, ಆಮೇಲೆ ಗೋಡೆಯಷ್ಟಗಲ ಫೋಟೋ ಬರುತ್ತೆ, ಅದರ ಮೇಲೆ ಇನ್ನೇನೋ ಎದ್ದು ನಿಂತು ನಿಮ್ಮ ವಿಳಾಸ ಕೊಡಿ ಅನ್ನುತ್ತೆ. ಕೊಡಲ್ಲ ಕಣಯ್ಯಾ, ಮೊದಲು ನೀನು ನಂಬರ್ ಕೊಡು! ಇಷ್ಟನ್ನೂ ಹೊತ್ತು ತರೋಕೆ ಎಲ್ಲೋ ಒಂದು ಯಂತ್ರ ಹಗಲೂ ರಾತ್ರಿ ಕರೆಂಟ್ ತಿಂತಿರುತ್ತೆ, ಆ ಕರೆಂಟಿಗೆ ಇನ್ನೆಲ್ಲೋ ಕಲ್ಲಿದ್ದಲು ಉರೀತಿರುತ್ತೆ. ಕರೆಂಟ್ ಕಡಿಮೆ ತಿನ್ನೋ ಹಗುರವಾದ ಪುಟ ಕಟ್ಟೋದೇ ನನ್ನ ಕಸುಬು. ಯಂತ್ರ, ತಂತಿ, ಬ್ಯಾಟರಿ ನನ್ನ ಗಂಡನ ಪಾಲು. ಮನೆಯ ಒಳಕೋಣೆಯೇ ನಮ್ಮ ಆಫೀಸು.

ಎಂಟು ತಿಂಗಳಿಂದ ಅತ್ತೆಯೂ ನಮ್ಮ ಜೊತೆಗಿದ್ದಾರೆ. ನಲವತ್ತು ವರ್ಷ ಟೈಲರ್ ಆಗಿದ್ದವರು. ಕಣ್ಣು ಮಂದವಾಯ್ತು ಅಂತ ಅಂಗಡಿ ಮುಚ್ಚಿದರು, ಆದರೆ ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಮಾತ್ರ ಸೆರಗಿನ ಗಂಟಿನಿಂದ ಇಳಿದಿಲ್ಲ. ಕುರ್ಚಿ ಎಲ್ಲಿರಬೇಕು ಅಂತ ಗುರುತು, ಬಾಗಿಲು ಎಷ್ಟು ತೆಗೆದರೆ ಗಾಳಿ ಬರುತ್ತೆ ಅಂತ ಗುರುತು, ಹಾಲಿನ ಪಾತ್ರೆಯ ಹೊರಗೂ ಒಂದು ಗೆರೆ. ನಾನು ಬೈಕೊಂಡು ಒರೆಸ್ತೀನಿ, ಅವರು ಒಂದೂ ಮಾತಾಡದೆ ಮತ್ತೆ ಎಳೀತಾರೆ. ನಮ್ಮಿಬ್ಬರ ಜಗಳ ಅಂದರೆ ಇಷ್ಟೇ, ಅದರಲ್ಲೂ ಜಗಳ ಆಡೋಳು ನಾನೊಬ್ಬಳೇ.

ಒಂದು ದಿನ ನನ್ನ ಕಂಪ್ಯೂಟರ್ ಪರದೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು.

"ಈ ಚಿತ್ರ ಯಾಕೇ ಇಲ್ಲಿ?"

"ಚೆನ್ನಾಗಿ ಕಾಣಲಿ ಅಂತ ಅತ್ತೆ."

"ಯಾರಿಗೆ? ಪುಸ್ತಕ ಹುಡುಕೋಳಿಗೆ ಪುಸ್ತಕ ಇದೆಯಾ ಇಲ್ಲವಾ ಅಂತ ತಿಳಿದರೆ ಸಾಕಲ್ವಾ? ಲಂಗಕ್ಕೆ ಹತ್ತು ಜೇಬು ಇಟ್ಟಂಗಾಯ್ತು."

ನಾನು ಮುಖ ಊದಿಸಿಕೊಂಡೆ. ಅವರು ಆಚೆ ಹೋದ ಮೇಲೆ ಚಿತ್ರ ತೆಗೆದುಹಾಕಿದೆ.

ಆ ಪುಟ ಒಂದು ಗ್ರಂಥಾಲಯದ್ದು. ಊರಿನ ಹನ್ನೆರಡು ಗ್ರಂಥಾಲಯಗಳನ್ನು ನೋಡಿಕೊಳ್ಳೋ ಮೇಡಂ ನಮಗೊಂದು ಪರೀಕ್ಷೆ ಇಟ್ಟಿದ್ದರು. ಒಂದು ಗ್ರಂಥಾಲಯದ ವೆಬ್‌ಸೈಟನ್ನು ಬರೀ ಬಿಸಿಲಿನಿಂದ ಮೂವತ್ತು ದಿನ ನಡೆಸಿ ತೋರಿಸಬೇಕು. ನಮ್ಮ ಮನೆಯಲ್ಲೇ ಒಂದು ಪುಟಾಣಿ ಕಂಪ್ಯೂಟರ್, ಒಂದು ಬ್ಯಾಟರಿ, ಬಾಲ್ಕನಿಯಲ್ಲಿ ಒಂದೇ ಒಂದು ಸೋಲಾರ್ ಪ್ಯಾನೆಲ್. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಪುಟ ತೆರೀಬೇಕು. ಮೂರು ದಿನ ಕೈಕೊಟ್ಟರೆ ಮಾಫಿ, ನಾಲ್ಕನೇ ದಿನ ಕೈಕೊಟ್ಟರೆ ಆಟ ಮುಗೀತು. ಗೆದ್ದರೆ ಹನ್ನೆರಡೂ ನಮಗೆ. ಸೋತರೆ ನಾನು ಹಳೇ ಜಾಹೀರಾತು ಕಂಪನಿಗೆ ವಾಪಸ್, ಅದೇ ಕುಣಿಯೋ ವಿಡಿಯೋ ಅಂಟಿಸೋ ಕೆಲಸಕ್ಕೆ. ಎರಡು ವರ್ಷದಿಂದ ಹೀಗೇ ಏಗ್ತಿದ್ದೀವಿ, ಇದೇ ಕೊನೆ ಪ್ರಯತ್ನ ಅಂತ ಗಂಡನಿಗೆ ಮಾತು ಕೊಟ್ಟಿದ್ದೆ.

ಬಾಲ್ಕನಿ ಕಟ್ಟಡದ ಮೂಲೆಯನ್ನು ಸುತ್ತಿಕೊಂಡು ಹೋಗುತ್ತೆ. ನನ್ನ ಗಂಡ ಫೋನಿನಲ್ಲಿ ಸೂರ್ಯನ ಲೆಕ್ಕ ಹಾಕಿ, ಒಂದು ತುದಿಯಲ್ಲಿ ಸ್ಟೂಲಿನ ಮೇಲೆ ಪ್ಯಾನೆಲ್ ಒರಗಿಸಿ ಕಟ್ಟಿದ. ಮಿಕ್ಕ ತಂತಿಯನ್ನು ಕತ್ತರಿಸೋಕೆ ಮನಸ್ಸು ಬರದೆ ಪಕ್ಕದಲ್ಲೇ ಸುರುಳಿ ಸುತ್ತಿಟ್ಟ. ನಾನು ಅತ್ತೆ ಕಡೆ ತಿರುಗಿ, "ಇದನ್ನ ಮಾತ್ರ ಮುಟ್ಟಬೇಡಿ ಅತ್ತೆ, ದಮ್ಮಯ್ಯ" ಅಂದೆ. ಅವರು ತಲೆ ಆಡಿಸಿದರು. ಪರದೆಗೆ ಬಿಸಿಲು ಹೊಡೀಬಾರದು ಅಂತ ನಾವು ಒಳಕೋಣೆಯ ಕಿಟಕಿಗೆ ತೆರೆ ಎಳೆದುಕೊಂಡು ಕೆಲಸಕ್ಕೆ ಕೂತೆವು.

ಇಪ್ಪತ್ತೊಂದು ದಿನ ಪುಟ ಒಂದು ಸಲವೂ ಮಲಗಲಿಲ್ಲ. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹದಿನೈದನೇ ದಿನ ಮೇಡಂಗೆ ವರದಿ ಕಳಿಸಿದೆ: 'ಪುಟದ ತೂಕ ಇಳಿಸಿದ್ದರಿಂದ ಬ್ಯಾಟರಿ ನಾವು ಎಣಿಸಿದ್ದಕ್ಕಿಂತ ನಾಲ್ಕು ಗಂಟೆ ಹೆಚ್ಚು ಬರುತ್ತಿದೆ. ಇದು ಪೂರ್ತಿಯಾಗಿ ವಿನ್ಯಾಸದ ಗೆಲುವು.' ಊಟಕ್ಕೆ ಕೂತಾಗ ಅದನ್ನು ಜೋರಾಗಿ ಓದಿ ಹೇಳಿದೆ. ಅತ್ತೆ ತಟ್ಟೆಯಿಂದ ತಲೆ ಎತ್ತಿ, "ಭೇಷ್ ಕಣೇ" ಅಂದರು.

ಇಪ್ಪತ್ತೆರಡನೇ ದಿನ ಬೆಳಗ್ಗೆ ಅತ್ತೆ ಮಗಳ ಮನೆಗೆ ಹೊರಟರು. ನಾದಿನಿ ಕಾಲು ಉಳುಕಿಸಿಕೊಂಡಿದ್ದಳು, ಹತ್ತು ದಿನ ಅಲ್ಲಿರಬೇಕಿತ್ತು. ಅವರನ್ನು ಕಳಿಸಿ ಬಂದವಳೇ ಬಾಲ್ಕನಿ ಒರೆಸಿದೆ. ನೆಲದ ಮೇಲೆ ಎಂದಿನಂತೆ ಸೀಮೆಸುಣ್ಣದ ಅಡ್ಡಗೆರೆಗಳು, ಈ ಸಲ ಎಲ್ಲ ದಿನಕ್ಕಿಂತ ದಪ್ಪಗೆ. ಅಬ್ಬಾ, ಇನ್ನು ಹತ್ತು ದಿನ ನೆಲ ಚೊಕ್ಕವಾಗಿರುತ್ತೆ ಅಂದುಕೊಂಡು ಎರಡು ಸಲ ತಿಕ್ಕಿದೆ.

ಅವತ್ತು ಸಂಜೆ ಐದಕ್ಕೆ ಪುಟ ಮಲಗಿತು.

ಏನೋ ಮೋಡ ಇರಬೇಕು ಅಂದುಕೊಂಡೆ. ಮಾರನೇ ದಿನ ಫಳಫಳ ಬಿಸಿಲು, ಆದರೂ ಐದೂಕಾಲಿಗೆ ಮಲಗಿತು. ನನಗೆ ಹುಚ್ಚು ಹಿಡಿಯೋದೊಂದು ಬಾಕಿ. ಉಳಿದಿದ್ದ ಎರಡು ಫೋಟೋ ಕಿತ್ತೆಸೆದೆ. ಅಂದದ ಅಕ್ಷರ ಬಿಟ್ಟು ಎಲ್ಲರ ಫೋನಿನಲ್ಲೂ ಮೊದಲೇ ಇರೋ ಅಕ್ಷರ ಹಾಕಿದೆ. ಗ್ರಂಥಾಲಯದ ಲಾಂಛನವನ್ನು ನಾಲ್ಕು ಗೆರೆಗೆ ಇಳಿಸಿದೆ. ಪುಟ ಅರ್ಧಕ್ಕರ್ಧ ಹಗುರಾಯ್ತು. ಮೂರನೇ ದಿನ ಆರು ಗಂಟೆಗೆ ಮಲಗಿತು. ಮಾಫಿಯ ಮೂರೂ ದಿನ ಖರ್ಚಾದವು.

"ಏನಯ್ಯಾ ನಿನ್ನ ಬ್ಯಾಟರಿ! ಕೆಟ್ಟಿದೆ ಅಂತ ಒಪ್ಪಿಕೋ!"

"ಬ್ಯಾಟರಿ ಕಲ್ಲುಗುಂಡಿನ ಹಾಗಿದೆ. ನೀನು ಏನೋ ಕೆಡಿಸಿದೀಯ."

ಹೀಗೆ ನಾವು ಕಿತ್ತಾಡ್ತಿರುವಾಗ ಅತ್ತೆಯ ಫೋನ್ ಬಂತು. ನನ್ನ ಗಂಡ ಸ್ಪೀಕರ್ ಹಾಕಿದ. ಊಟ ಆಯ್ತಾ ಅಂತಲೂ ಕೇಳಲಿಲ್ಲ ಅವರು.

"ಹಲಗೆ ಸರಿಸ್ತಿದ್ದೀರಾ ತಾನೇ?"

"ಯಾವ ಹಲಗೆ ಅಮ್ಮಾ?"

ಅತ್ತೆ ದನಿ ಏರಿಸಿದರು.

"ಬಿಸಿಲಿನ ಹಲಗೆ ಕಣೋ. ಹನ್ನೊಂದಕ್ಕೆ ಎದುರು ಕಟ್ಟಡದ ನೆರಳು ಬೀಳುತ್ತಲ್ಲ. ದಪ್ಪಗೆ ಗುರುತು ಹಾಕಿಟ್ಟು ಬಂದಿದ್ದೀನಲ್ಲ, ಕಾಣಲಿಲ್ವಾ?"

ಗಂಡ ನನ್ನ ಮುಖ ನೋಡಿದ. ಅವನ ಫೋನಿಗೆ ಸೂರ್ಯ ಗೊತ್ತಿತ್ತು, ಎದುರು ಕಟ್ಟಡ ಗೊತ್ತಿರಲಿಲ್ಲ. ನಾನು ಫೋನ್ ಕಿತ್ತುಕೊಂಡೆ.

"ಅತ್ತೆ, ದಿನಾ ನೀವು ಅದನ್ನ ಸರಿಸ್ತಿದ್ದಿರಾ?"

"ಬೈಬೇಡ ಕಣೇ. ಮುಟ್ಟಬೇಡಿ ಅಂತ ನೀನು ಅಂದಿದ್ದೆ, ಜ್ಞಾಪಕ ಇದೆ. ಹಲಗೆ ಮುಟ್ಟಲಿಲ್ಲ, ಸ್ಟೂಲ್ ಹಿಡಿದು ಎಳೀತಿದ್ದೆ. ದೀಪ ಹಚ್ಚೋ ಹೊತ್ತಿಗೆ ವಾಪಸ್ ಇಡ್ತಿದ್ದೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳೋಣ ಅಂತಲೇ ಇದ್ದೆ. ಅಷ್ಟರಲ್ಲಿ ನೀನು ವರದಿ ಓದಿದೆ. ಎಲ್ಲ ನಿನ್ನ ಕೈಯಿಂದಲೇ ಆಯ್ತು ಅಂತ ಎಷ್ಟು ಖುಷಿಯಾಗಿದ್ದೆ. ನಿನ್ನ ಮುಖ ಹಾಗೆ ಅರಳಿದ್ದು ಈ ಎಂಟು ತಿಂಗಳಲ್ಲಿ ನಾನು ನೋಡಿರಲಿಲ್ಲ. ಆಮೇಲೆ ಹೇಗೆ ಹೇಳಲಿ?"

ನನಗೆ ಅಳು ಬಂತು. ಸಣ್ಣಗೆ ಅಲ್ಲ, ಗೊಳೋ ಅಂತ. ಆ ಮುದಿ ಸೊಂಟ ಬಗ್ಗಿಸಿ ದಿನಕ್ಕೆ ಮೂರು ಸಲ ಸ್ಟೂಲ್ ಎಳೆದಿದ್ದಾರೆ, ನಾನು ತೆರೆಯ ಹಿಂದೆ ಕೂತು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೀನಿ. "ಗುರುತು ಒರೆಸಿಬಿಟ್ಟೆ ಅತ್ತೆ" ಅಂತ ಹೇಗೋ ಹೇಳಿದೆ.

"ದಿನಾ ಒರೆಸ್ತಿದ್ದೆಯಲ್ಲ, ಹೊಸದೇನು? ಅಳೋದು ಬಿಟ್ಟು ಬರ್ಕೋ. ಬೆಳಗ್ಗೆ ನೀರಿನ ಕೊಳವೆಯಿಂದ ನಾಲ್ಕು ಗೇಣು. ಹನ್ನೊಂದಕ್ಕೆ ಮೂಲೆ ದಾಟಿಸಿ ಒಂಬತ್ತು ಗೇಣು. ಎರಡೂವರೆಗೆ ಹದಿಮೂರು."

"ವಿಡಿಯೋ ಕಾಲ್ ಮಾಡಲಾ? ತೋರಿಸಿಬಿಡಿ."

"ಕರೆಂಟ್ ದಂಡ ಅಂತ ನೀನೇ ಹೇಳ್ತೀಯಲ್ಲೇ!"

"ಗೇಣು ಅಂದರೆ ಯಾರ ಗೇಣು ಅತ್ತೆ? ನನ್ನ ಕೈ ಚಿಕ್ಕದು."

"ನಂದೇ, ಇನ್ಯಾರದು? ನನ್ನ ಕತ್ತರಿ ಪೆಟ್ಟಿಗೆಯಲ್ಲಿದೆ ನೋಡು. ಅದರ ಉದ್ದ, ನನ್ನ ಗೇಣು ಎರಡೂ ಒಂದೇ."

ಅವತ್ತು ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ ಇಡೀ ಬಾಲ್ಕನಿಯನ್ನು ಕತ್ತರಿಯಲ್ಲಿ ಅಳೆದೆವು. ಎದುರು ಕಟ್ಟಡದವರು ಏನಂದುಕೊಂಡರೋ ಏನೋ. ಮಾರನೇ ದಿನದಿಂದ ನಾನೇ ಸ್ಟೂಲ್ ಎಳೆದೆ. ಅದರ ಭಾರ ನೋಡಿ ನಾಚಿಕೆಯಾಯ್ತು. ಪುಟ ಒಂಬತ್ತರವರೆಗೂ ಎದ್ದಿತ್ತು. ಇಪ್ಪತ್ತೆಂಟನೇ ದಿನ ನಿಜವಾಗಿಯೂ ಮೋಡ ಕವಿಯಿತು. ಗಾಬರಿಯಲ್ಲಿ ಕಿತ್ತೆಸೆದ ಫೋಟೋಗಳು ಆಗ ಕೈಹಿಡಿದವು. ಒಂಬತ್ತು ಹೊಡೆದಾಗ ಬ್ಯಾಟರಿಯಲ್ಲಿ ಉಳಿದದ್ದು ನೂರಕ್ಕೆ ಎರಡು. ಮೂವತ್ತನೇ ದಿನವೂ ಹಾಗೇ ದಾಟಿತು.

ಕೊನೆ ವರದಿ ಬರೆಯೋಕೆ ಕೂತೆ. ಗಂಡ ಹಿಂದಿನಿಂದ ಬಗ್ಗಿ ಓದಿದ.

"ಇದನ್ನೆಲ್ಲ ಬರೀಲೇಬೇಕಾ? ಅಷ್ಟಕ್ಕೂ ಹಲಗೆ ಅಲ್ಲಾಡಿಸಬಾರದು ಅಂತ ಅವರೇನೂ ಹೇಳಿಲ್ಲ. ಕೆಲಸ ಹೋದರೆ?"

"ಹೋಗಲಿ" ಅಂದೆ. ಹಳೇ ಕಂಪನಿಯ ಕುಣಿಯೋ ವಿಡಿಯೋ ಕಣ್ಣ ಮುಂದೆ ಬಂತು. ಆದರೂ ಬರೆದೆ: 'ಹಿಂದಿನ ವರದಿಯಲ್ಲಿ ನಾನು ಬರೆದದ್ದು ತಪ್ಪು. ಪುಟ ಹಗುರವಾಗಿದ್ದು ನನ್ನಿಂದ. ಇಪ್ಪತ್ತೊಂದು ದಿನ ಅದು ಎದ್ದಿದ್ದು ನಮ್ಮ ಅತ್ತೆಯಿಂದ. ಅವರು ಬಿಸಿಲು ಹೋದ ಕಡೆಗೆಲ್ಲ ಹಲಗೆ ಎಳೆದರು. ಅವರ ಗುರುತುಗಳನ್ನು ನಾನು ದಿನವೂ ಒರೆಸಿದೆ.'

ಎರಡು ದಿನ ಉತ್ತರ ಇಲ್ಲ. ಹಳೇ ಕಂಪನಿಯ ನಂಬರ್ ಹುಡುಕಿ ಇಟ್ಟುಕೊಂಡೆ. ಮೂರನೇ ದಿನ ಅತ್ತೆ ವಾಪಸ್ ಬಂದು ಚೀಲ ಇಳಿಸುತ್ತಿರುವಾಗಲೇ ಮೇಡಂ ಫೋನ್ ಮಾಡಿದರು.

"ಎರಡು ದಿನ ಇದೇ ಯೋಚನೆ ಮಾಡಿದೆ. ನಮ್ಮ ಒಂದೊಂದು ಗ್ರಂಥಾಲಯದಲ್ಲೂ ಬೆಳಗ್ಗೆ ಕಿಟಕಿ ತೆಗೆಯೋರು, ಸಂಜೆ ಹಾಕೋರು ಒಬ್ಬರು ಇದ್ದೇ ಇರ್ತಾರೆ. ಅವರ ಕೈಲಿ ಹಲಗೆ ಸರಿಸೋದೂ ಆಗುತ್ತೆ. ಹನ್ನೆರಡೂ ನೀವೇ ಮಾಡಿ. ಆದರೆ ಎಲ್ಲೆಲ್ಲಿ ಇಡಬೇಕು ಅಂತ ಗುರುತು ಹಾಕಿಕೊಡೋಕೆ ನಿಮ್ಮತ್ತೆ ಬರ್ತಾರಾ?"

ನಾನು ಫೋನ್ ಎದೆಗೊತ್ತಿಕೊಂಡು ಅತ್ತೆಗೆ ಹೇಳಿದೆ. ಅವರು ಆಗಲೇ ಬಾಲ್ಕನಿಗೆ ಹೋಗಿ ನಾನು ಎಳೆದಿದ್ದ ಗೆರೆಗಳನ್ನು ನೋಡ್ತಿದ್ದರು. ಲೊಚಗುಟ್ಟಿ ಬಗ್ಗಿದರು, ಒಂದು ಗೆರೆಯನ್ನು ಹೆಬ್ಬೆರಳಿನಿಂದ ಅಳಿಸಿ ಎರಡು ಬೆರಳು ಆಚೆ ಹೊಸದು ಎಳೆದರು.

"ಸೂರ್ಯ ಹತ್ತು ದಿನ ಒಂದೇ ಕಡೆ ಕೂತಿರ್ತಾನಾ? ಬರ್ತೀನಿ ಅಂತ ಹೇಳು. ಆದರೆ ಅಲ್ಲಿ ನೆಲ ಒರೆಸೋರಿಗೆ ನೀನೇ ಮೊದಲು ಹೇಳಿಬಿಡು."

ಮಾರನೇ ಬೆಳಗ್ಗೆ ನಾನು ಬಾಲ್ಕನಿ ಒರೆಸಿದೆ, ಗೆರೆಗಳನ್ನು ಮಾತ್ರ ಬಿಟ್ಟು.